ಎಸ್‌ಎಸ್‌ಡಿ ಕೊಳ್ಳುವ ಮೊದಲು ಪೆಟ್ಟಿಗೆ ಬಿಚ್ಚಿ ನೋಡಿ

ನಮ್ಮ ಮನೆಯಲ್ಲೊಂದು ಸಣ್ಣ ಕಂಪ್ಯೂಟರ್ ಇದೆ. ದಪ್ಪ ಪುಸ್ತಕದಷ್ಟೇ ಗಾತ್ರ. ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ದುಡಿದು, ಹಳೆಯದಾಯಿತೆಂದು ಮಾರಾಟವಾಗಿ, ಎಸ್.ಪಿ. ರಸ್ತೆಯ ಅಂಗಡಿಗೆ ಬಂದಿತ್ತು. 2017ರಲ್ಲಿ ಅದನ್ನು ಕೊಂಡು ತಂದೆ. ಕೋಲಾರ ತಾಲ್ಲೂಕಿನಲ್ಲಿ ನಮ್ಮದು ನಾಲ್ಕೂವರೆ ಎಕರೆ. ರಾಗಿ, ಟೊಮೇಟೊ, ಒಂದಿಷ್ಟು ಹಿಪ್ಪುನೇರಳೆ, ಮೂರು ಹಸು. ಇಷ್ಟಕ್ಕೆ ಕಂಪ್ಯೂಟರ್ ಯಾಕಪ್ಪಾ ಎಂದು ಊರಲ್ಲಿ ನಕ್ಕವರುಂಟು. ಡೈರಿಗೆ ಹಾಕಿದ ಹಾಲು, ಮಂಡಿ ಬಿಲ್ಲು, ಗೊಬ್ಬರ-ಔಷಧಿ ಖರ್ಚು, ಕೂಲಿ, ಎಲ್ಲ ಅದರಲ್ಲೇ ಬರೆದಿಡುತ್ತಾ ಬಂದೆ.

2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬರಲು ಶುರುವಾಯಿತಲ್ಲ, ಆಗ ಇನ್ನೊಂದು ಲೆಕ್ಕ ಸೇರಿತು. ಪ್ರತಿ ಭಾನುವಾರ ಬೆಳಗ್ಗೆ ಎರಡೂ ಬೋರ್‌ವೆಲ್ಲಿನ ನೀರನ್ನು 200 ಲೀಟರಿನ ಡ್ರಮ್ಮಿಗೆ ಬಿಟ್ಟು, ತುಂಬಲು ಎಷ್ಟು ಸೆಕೆಂಡು ಬೇಕಾಯಿತು ಎಂದು ಬರೆಯುವುದು. ಕೆರೆ ತುಂಬಿದರೆ ಬೋರಿಗೆ ಏನಾಗುತ್ತೆ ಅಂತ ಬೇರೆಯವರು ಹೇಳುವುದಕ್ಕಿಂತ ನಾನೇ ನೋಡೋಣ ಎಂಬ ಆಸೆ. ನಾಲ್ಕು ವರ್ಷ ತಪ್ಪದೆ ಬರೆದೆ.

2022ರ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿಂದ ಟಿಕ್ ಟಿಕ್ ಸದ್ದು ಬರತೊಡಗಿತು. ಸ್ವಿಚ್ ಹಾಕಿ ಎರಡು ಹಸು ಹಾಲು ಕರೆದು ಬಂದರೂ ಪರದೆ ಮೇಲೆ ಇನ್ನೂ ಸುತ್ತುತ್ತಲೇ ಇರುತ್ತಿತ್ತು. ಹಳೇದಲ್ವ, ಇರಲಿ ಅಂತ ಸುಮ್ಮನಾದೆ. ಹದಿನೈದು ದಿನಕ್ಕೆ ನಿಂತೇ ಹೋಯಿತು. ರಿಪೇರಿಯ ಹುಡುಗ ನೋಡಿ ಹೇಳಿದ: "ಅಣ್ಣಾ, ಹಾರ್ಡ್ ಡಿಸ್ಕ್ ಹೋಗಿದೆ. ಒಳಗಿರೋದು ತೆಗೀಬೇಕಂದ್ರೆ ಬೆಂಗಳೂರಿಗೆ ಕಳಿಸ್ಬೇಕು. ಖರ್ಚು ಈ ಕಂಪ್ಯೂಟರಿಗಿಂತ ಜಾಸ್ತಿ ಆಗುತ್ತೆ. ಸಿಕ್ಕೇ ಸಿಗುತ್ತೆ ಅಂತಾನೂ ಹೇಳಕ್ಕಾಗಲ್ಲ."

ಮಂಡಿ ಬಿಲ್ಲುಗಳು ಕಾಗದದಲ್ಲಿದ್ದವು. ಹಾಲಿನ ಲೆಕ್ಕ ಪಾಸ್ ಪುಸ್ತಕದಲ್ಲಿತ್ತು. ಬೋರ್‌ವೆಲ್ಲಿನ ಲೆಕ್ಕ ಮಾತ್ರ ಬೇರೆಲ್ಲೂ ಇರಲಿಲ್ಲ. ಭಾವಮೈದನಿಗೆ ತೋರಿಸಲೆಂದು ಒಮ್ಮೆ ಪ್ರಿಂಟ್ ತೆಗೆದಿದ್ದ ಮೊದಲ ವರ್ಷದ ಆರು ಹಾಳೆ ಉಳಿದವು. ಬಾಕಿ ಮೂರು ವರ್ಷ ಹೋಯಿತು. ಡಿಸ್ಕ್ ಹೊಸದು ಸಿಗುತ್ತದೆ. ಹರಿದು ಹೋದ ನೀರನ್ನು ಮತ್ತೆ ಅಳೆಯಲಾಗುವುದಿಲ್ಲ.

ಆ ನಷ್ಟ ಈ ವಿಷಯ ಕಲಿಸಿತು. ಆಮೇಲೆ ಶ್ರೀನಿವಾಸಪುರ, ಮುಳಬಾಗಿಲು, ಮಾಲೂರಿನ ಮೂವರು ಕೃಷಿಕ ಗೆಳೆಯರು ತಮ್ಮ ಕಂಪ್ಯೂಟರಿಗೆ ಹೊಸ ಡ್ರೈವ್ ಹಾಕಿಸುವಾಗಲೂ ಜತೆಗಿದ್ದೆ. ನಾನು ಕಂಪ್ಯೂಟರ್ ಓದಿದವನಲ್ಲ. ಕೈ ಸುಟ್ಟುಕೊಂಡು ತಿಳಿದದ್ದನ್ನು ಬರೆಯುತ್ತಿದ್ದೇನೆ.

ಹಾರ್ಡ್ ಡಿಸ್ಕ್ ಯಾಕೆ ನಿಧಾನ?

ಹಾರ್ಡ್ ಡಿಸ್ಕ್ ಅಂದರೆ ಒಳಗೆ ತಿರುಗುವ ತಟ್ಟೆ. ಹಳೇ ಗ್ರಾಮಫೋನಿನ ಹಾಗೆ ಒಂದು ಕೈ ಅದರ ಮೇಲೆ ಓಡಾಡಿ ಓದುತ್ತದೆ, ಬರೆಯುತ್ತದೆ. ಆದರೆ ಕೈ ತಟ್ಟೆಯನ್ನು ಮುಟ್ಟುವುದಿಲ್ಲ, ಕೂದಲೆಳೆಗಿಂತ ಸಣ್ಣ ಅಂತರದಲ್ಲಿ ತೇಲುತ್ತಿರುತ್ತದೆ. ಇದು ಹಳೇ ಉಪಾಯ. 1956ರಲ್ಲಿ ಐಬಿಎಂ ಕಂಪನಿ ಮಾಡಿದ ಮೊದಲ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅಷ್ಟರಲ್ಲಿ ಹಿಡಿಸುತ್ತಿದ್ದದ್ದು ಸುಮಾರು 5 ಎಂಬಿ. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋ ಅಷ್ಟಾಗುತ್ತದೆ!

ಈಗಿನ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಕೇಳಲು ಬಹಳ ವೇಗ. ಆದರೂ ಬೇಕಾದ ಜಾಗಕ್ಕೆ ಕೈ ಹೋಗಿ, ಬೇಕಾದ ಭಾಗ ಸುತ್ತಿ ಬರುವಷ್ಟರಲ್ಲಿ ಸೆಕೆಂಡಿನ ನೂರರಲ್ಲೊಂದು ಪಾಲು ಕಳೆಯುತ್ತದೆ. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ ನೂರು ಚಿಲ್ಲರೆ ಕಡೆ ಹುಡುಕಬಲ್ಲದು. ಕಂಪ್ಯೂಟರ್ ಆನ್ ಆಗುವಾಗ ಸಾವಿರಾರು ಸಣ್ಣ ಸಣ್ಣ ಕಡತ ಓದಬೇಕು. ಅವು ಒಂದೊಂದು ಒಂದೊಂದು ಮೂಲೆಯಲ್ಲಿರುತ್ತವೆ. ನಾವು ಕಾಯುವುದು ಇದಕ್ಕೇ.

ಎಸ್‌ಎಸ್‌ಡಿಯಲ್ಲಿ ತಿರುಗುವುದು, ಓಡಾಡುವುದು ಏನೂ ಇಲ್ಲ. ಮೆಮೊರಿ ಕಾರ್ಡ್, ಪೆನ್‌ಡ್ರೈವ್‌ಗಳಲ್ಲಿರುವ ಫ್ಲಾಶ್ ಚಿಪ್ಪೇ ಇದರಲ್ಲೂ ಇರುವುದು. ಈ ಫ್ಲಾಶ್ ಮೆಮೊರಿಯನ್ನು 1980ರ ದಶಕದಲ್ಲಿ ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೋಕಾ ಕಂಡುಹಿಡಿದರು. ಇದು ಸೆಕೆಂಡಿಗೆ ಸಾವಿರಾರು ಕಡೆಯಿಂದ ಓದುತ್ತದೆ. ನನ್ನ ಅದೇ ಹಳೇ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿದ ದಿನ ಅರ್ಧ ನಿಮಿಷದೊಳಗೆ ಆನ್ ಆಯಿತು. ಬೇರೇನೂ ಬದಲಾಯಿಸಿರಲಿಲ್ಲ.

ಹಾಗಾಗಿ ಕಂಪ್ಯೂಟರ್ ನಿಧಾನ ಎಂದು ಹೊಸದನ್ನು ಕೊಳ್ಳಲು ಹೊರಟವರಿಗೆ ನನ್ನ ಮೊದಲ ಮಾತು: ಒಳಗೆ ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಅದನ್ನು ಬದಲಾಯಿಸಿ ನೋಡಿ. ಜತೆಗೆ ರ‍್ಯಾಮ್ 4 ಜಿಬಿ ಮಾತ್ರ ಇದ್ದರೆ 8 ಮಾಡಿಸಿ. ಮನೆ ಲೆಕ್ಕಕ್ಕೆ ಅಷ್ಟು ಸಾಕು.

ಮೂರು ಜಾತಿ

ಅಂಗಡಿಗೆ ಹೋಗಿ 'ಒಂದು ಎಸ್‌ಎಸ್‌ಡಿ ಕೊಡಿ' ಎಂದರೆ 'ಯಾವುದು?' ಅಂತಾರೆ. ಮುಖ್ಯವಾಗಿ ಮೂರು ಜಾತಿ.

ಒಂದು, 2.5 ಇಂಚಿನ ಸಾಟಾ. ಚಪ್ಪಟೆ ಡಬ್ಬಿ, ಬೆಂಕಿಪೊಟ್ಟಣಕ್ಕಿಂತ ಅಗಲ, ತೆಳ್ಳಗೆ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಇರುವ ಜಾಗದಲ್ಲೇ ಕೂರುತ್ತದೆ. ಅದೇ ವಯರು, ಅದೇ ಪಿನ್ನು. ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ.

ಎರಡು, ಎಂ.2 ಸಾಟಾ. ಡಬ್ಬಿ ಇಲ್ಲದ ಬರೀ ಪಟ್ಟಿ, ಚೂಯಿಂಗ್ ಗಮ್ ಹಾಳೆಯ ಹಾಗೆ. ಮದರ್‌ಬೋರ್ಡಿನ ಮೇಲೆ ಓರೆಯಾಗಿ ತೂರಿಸಿ, ಒತ್ತಿ, ಒಂದು ಸಣ್ಣ ಸ್ಕ್ರೂ ಹಾಕುವುದು. ವೇಗ ಮೊದಲನೆಯದಷ್ಟೇ.

ಮೂರು, ಎಂ.2 ಎನ್‌ವಿಎಂಇ. ನೋಡಲು ಎರಡನೆಯದರ ಅವಳಿ, ಆದರೆ ದಾರಿ ಬೇರೆ. ಪಿಸಿಐಇ ಎಂಬ ಹೆದ್ದಾರಿಯಲ್ಲಿ ಓಡುವುದರಿಂದ ಸೆಕೆಂಡಿಗೆ 3,000 ಎಂಬಿ ದಾಟುವುದು ಸಾಮಾನ್ಯ. ಇನ್ನೂ ಹೊಸವು ಅದರ ದುಪ್ಪಟ್ಟು.

ಎಡವಟ್ಟಾಗುವುದು ಎರಡನೆಯದು ಮತ್ತು ಮೂರನೆಯದರ ನಡುವೆ. ಮುಳಬಾಗಿಲಿನ ಗೆಳೆಯರಿಗೆ ಆದದ್ದು ಇದೇ. ಟೊಮೇಟೊ ಸೀಸನ್ನಿನ ನಡುವೆ ಬಿಡುವಾದಾಗ ಅವರ ಮಗ ಕಂಪ್ಯೂಟರ್ ಬಿಚ್ಚಿ, 'ಅಪ್ಪಾ, ಎಂ.2 ಸ್ಲಾಟ್ ಇದೆ' ಅಂದ. ಫೋನಿನಲ್ಲೇ ಎನ್‌ವಿಎಂಇ ತರಿಸಿದರು. ಪಟ್ಟಿ ಸರಿಯಾಗಿ ಕೂರಲೇ ಇಲ್ಲ. ಒತ್ತಿ ನೋಡಿ ಒಂದು ಕಡೆ ಗೀಚು ಬಿತ್ತು. ಆಮೇಲೆ ನೋಡಿದರೆ ಆ ಸ್ಲಾಟ್ ಸಾಟಾಕ್ಕೆ ಮಾತ್ರ. ಗೀಚು ಬಿದ್ದ ಮಾಲನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಕಡೆಗೆ 2.5 ಇಂಚಿನದ್ದನ್ನೇ ಮತ್ತೊಮ್ಮೆ ದುಡ್ಡು ಕೊಟ್ಟು ತಂದರು.

ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ನೋಡಿ. ಒಂದೇ ಕಚ್ಚು ಇದ್ದರೆ ಬಹುತೇಕ ಎನ್‌ವಿಎಂಇ. ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ. 'ಹೆಚ್ಚಾಗಿ' ಅನ್ನಲು ಕಾರಣವಿದೆ: ಕೆಲವು ಎನ್‌ವಿಎಂಇಗಳಿಗೂ ಎರಡು ಕಚ್ಚು ಇರುತ್ತವೆ. ಹಾಗಾಗಿ ಕಚ್ಚನ್ನೇ ನಂಬದೆ ಮೇಲಿನ ಚೀಟಿ ಓದಬೇಕು.

ಬಿಚ್ಚಿ ನೋಡುವುದು ಹೇಗೆ?

ಕಂಪ್ಯೂಟರ್ ಆಫ್ ಮಾಡಿ, ವಯರು ಕಿತ್ತು, ಆಮೇಲೊಮ್ಮೆ ಆನ್ ಬಟನ್ ಒತ್ತಿ ಬಿಡಿ. ಒಳಗೆ ಉಳಿದ ಕರೆಂಟು ಇಳಿಯುತ್ತದೆ. ಪೆಟ್ಟಿಗೆಯ ಕಬ್ಬಿಣದ ಭಾಗವನ್ನು ಕೈಯಲ್ಲಿ ಮುಟ್ಟಿ ನಂತರ ಒಳಗೆ ಕೈ ಹಾಕಿ. ಇಂಥ ಸಣ್ಣ ಪೆಟ್ಟಿಗೆಗಳಲ್ಲಿ ಹಿಂದೆ ಒಂದೇ ಸ್ಕ್ರೂ ಇರುವುದೇ ಹೆಚ್ಚು. ಅದು ಬಿಚ್ಚಿದರೆ ಮುಚ್ಚಳ ಜಾರುತ್ತದೆ. ಒಳಗೆ ದೂಳು ತುಂಬಿರುತ್ತದೆ. ನಮ್ಮದರಲ್ಲಿ ರಾಗಿ ಒಕ್ಕಣೆಯ ಹೊಟ್ಟೂ ಸಿಕ್ಕಿತು. ಮೆತ್ತನೆ ಬ್ರಶ್ಶಿನಲ್ಲಿ ಗುಡಿಸಿ. ಬಾಯಲ್ಲಿ ಊದಬೇಡಿ, ಎಂಜಲ ಹನಿ ಬೀಳುತ್ತದೆ.

ನೋಡಬೇಕಾದ್ದು ಮೂರು. 2.5 ಇಂಚಿನ ಡಬ್ಬಿ ಕೂರುವ ಜಾಗ ಇದೆಯೇ? ಅದಕ್ಕೆ ಬೇಕಾದ ವಯರು, ಚೌಕಟ್ಟು ಇವೆಯೇ? ಎಂ.2 ಸ್ಲಾಟ್ ಇದೆಯೇ, ಇದ್ದರೆ ಎಷ್ಟು ಉದ್ದದ್ದು? 2280 ಎಂದು ಬರೆದಿದ್ದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಗಿಡ್ಡ ಸ್ಲಾಟ್ ಒಂದೇ ಕಂಡರೆ ಅದು ವೈಫೈ ಕಾರ್ಡಿನದ್ದಾಗಿರಬಹುದು. ಅದರಲ್ಲಿ ಎಸ್‌ಎಸ್‌ಡಿ ಹಾಕಲು ಹೋಗಬೇಡಿ.

ವಯರು-ಚೌಕಟ್ಟಿನ ಮಾತು ಯಾಕೆ ಹೇಳಿದೆನೆಂದರೆ, ಕಚೇರಿಗಳಿಂದ ಬರುವ ಹಳೇ ಪೆಟ್ಟಿಗೆಗಳಲ್ಲಿ ಇವನ್ನು ಎಷ್ಟೋ ಸಲ ಮೊದಲೇ ಕಳಚಿಕೊಂಡಿರುತ್ತಾರೆ. ಎಂ.2 ಸ್ಕ್ರೂ ಅಂತೂ ಇರುವುದೇ ಅಪರೂಪ. ಸಾಸಿವೆ ಕಾಳಿನಷ್ಟು ಸ್ಕ್ರೂ, ಅದಿಲ್ಲದೆ ಪಟ್ಟಿ ಎದ್ದು ನಿಲ್ಲುತ್ತದೆ. ಅಂಗಡಿಯಲ್ಲಿ ಡ್ರೈವಿನ ಜತೆಗೇ ಕೇಳಿ ಇಸ್ಕೊಳ್ಳಿ.

ಸ್ಲಾಟ್ ಸಾಟಾವೋ ಎನ್‌ವಿಎಂಇಯೋ ಎಂದು ಕಣ್ಣಲ್ಲಿ ನೋಡಿ ಖಚಿತವಾಗುವುದಿಲ್ಲ. ಪೆಟ್ಟಿಗೆಯ ಅಡಿಯಲ್ಲಿ ಮಾಡೆಲ್ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಾಕಿ ಹುಡುಕಿದರೆ ತಯಾರಕರ ಕೈಪಿಡಿ ಸಿಗುತ್ತದೆ. ದೊಡ್ಡ ಕಂಪನಿಗಳವು ಬಿಟ್ಟಿಯಾಗಿಯೇ ಸಿಗುತ್ತವೆ. ಅದರಲ್ಲಿ ಸ್ಟೋರೇಜ್ ಎಂಬ ಪುಟ ನೋಡಿ. ಇಂಗ್ಲಿಷ್ ಬಾರದಿದ್ದರೆ ಕಾಲೇಜಿಗೆ ಹೋಗುವ ಮಕ್ಕಳ ಕೈಲಿ ಓದಿಸಿ. ಹತ್ತು ನಿಮಿಷದ ಕೆಲಸ. ತುಂಬ ಹಳೇ ಯಂತ್ರವಾದರೆ ಎನ್‌ವಿಎಂಇಯಿಂದ ವಿಂಡೋಸ್ ಶುರುವಾಗುವುದೇ ಇಲ್ಲ. ಅಂಥದ್ದಕ್ಕೆ 2.5 ಇಂಚಿನ ಸಾಟಾವೇ ಸರಿ.

ಹೆಚ್ಚು ವೇಗ ನಮಗೆ ಬೇಕೇ?

ಎರಡಕ್ಕೂ ಜಾಗ ಇರುವ ಯಂತ್ರವಾದರೆ ಯಾವುದು ಕೊಳ್ಳಬೇಕು? ಮಾಲೂರಿನ ಗೆಳೆಯರು ಹೂವು, ತರಕಾರಿ ಬೆಳೆಗಾರರು. ವಾರಕ್ಕೆರಡು ಸಲ ರೈಲಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ. ಅವರ ಪೆಟ್ಟಿಗೆ ಸ್ವಲ್ಪ ಹೊಸದು, ಎರಡು ಜಾಗವೂ ಇದ್ದವು. ವಿಚಾರಿಸಿದ ದಿನ ಎರಡರ ಬೆಲೆಯಲ್ಲೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಎನ್‌ವಿಎಂಇ ಹಾಕಿಸಿದರು. 2.5 ಇಂಚಿನ ಜಾಗ ಮುಂದಕ್ಕೆ ಖಾಲಿ ಉಳಿಯಿತು, ಅದೇ ಲಾಭ.

ಆದರೆ ಅವರ ಯಂತ್ರ ಪಕ್ಕ ನನ್ನ ಯಂತ್ರ ಇಟ್ಟು ಲೆಕ್ಕದ ಹಾಳೆ ತೆರೆದರೆ ಯಾವುದು ಬೇಗ ಅಂತ ಹೇಳಲಾಗಲಿಲ್ಲ. ಡಬ್ಬಿಯ ಮೇಲಿನ 3,500 ಎಂಬಿ ಎಂಬ ದೊಡ್ಡ ಅಂಕಿ ದೊಡ್ಡ ಕಡತವನ್ನು ಒಂದೇ ಓಟದಲ್ಲಿ ಓದುವಾಗಿನ ಮಾತು. ಸಿನಿಮಾ ಎಡಿಟ್ ಮಾಡುವವರಿಗೆ ಅದು ಬೇಕು. ನಾವು ಮಾಡುವುದು ಲೆಕ್ಕ, ಪತ್ರ, ಪಹಣಿ ನೋಡುವುದು, ಮಕ್ಕಳ ಪಾಠ. ಹಾರ್ಡ್ ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಹಾರುವುದು ಎತ್ತಿನ ಗಾಡಿಯಿಂದ ಬಸ್ಸಿಗೆ ಹತ್ತಿದ ಹಾಗೆ. ಸಾಟಾದಿಂದ ಎನ್‌ವಿಎಂಇಗೆ ಹಾರುವುದು ಬಸ್ಸಿನಿಂದ ಕಾರಿಗೆ ಹತ್ತಿ, ಅದೇ ಊರೊಳಗಿನ ಬೀದಿಯಲ್ಲಿ ಹೋದ ಹಾಗೆ.

ಇನ್ನೊಂದು, ಎನ್‌ವಿಎಂಇ ಕೆಲಸ ಹೆಚ್ಚಾದಾಗ ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದರೆ ತಾನಾಗಿಯೇ ನಿಧಾನವಾಗುತ್ತದೆ. ಸಣ್ಣ ಪೆಟ್ಟಿಗೆಯನ್ನು ಗೋಡೆಗೂಡಿನೊಳಗೆ ತುರುಕಿ, ಮೇಲೆ ಬಟ್ಟೆ ಹೊದಿಸುವ ಅಭ್ಯಾಸವಿದ್ದರೆ ಬಿಡಿ.

ಎಷ್ಟು ಜಿಬಿ?

ಬೇಕಾದ್ದಕ್ಕಿಂತ ದೊಡ್ಡದು ಕೊಂಡು ದುಡ್ಡು ಕಳೆಯುವುದು ಇಲ್ಲಿ. ಹಳೇ ಡಿಸ್ಕ್ 500 ಜಿಬಿ ಇತ್ತೆಂದು ಹೊಸದೂ ಅಷ್ಟೇ ಬೇಕಿಲ್ಲ. ಈಗ ಎಷ್ಟು ತುಂಬಿದೆ ಎಂದು ನೋಡಿ. ನನ್ನದರಲ್ಲಿ ಐದು ವರ್ಷಕ್ಕೆ ತುಂಬಿದ್ದು ವಿಂಡೋಸ್ ಸೇರಿ 90 ಜಿಬಿ ಒಳಗೇ. ಜಾಗ ತಿನ್ನುವುದು ಫೋಟೋ ಮತ್ತು ವಿಡಿಯೋ. ಫೋನಿನ ಫೋಟೋ ಒಂದಕ್ಕೆ 4 ಎಂಬಿ ಹಿಡಿದರೆ ಸಾವಿರಕ್ಕೆ 4 ಜಿಬಿ. ವಿಡಿಯೋ ನಿಮಿಷಕ್ಕೆ 100 ಎಂಬಿ ಆಸುಪಾಸು. ಲೆಕ್ಕದ ಹಾಳೆಗಳೋ, ಹತ್ತು ವರ್ಷದ್ದು ಸೇರಿಸಿದರೂ ನಾಲ್ಕು ಮದುವೆ ಫೋಟೋದಷ್ಟಾಗುವುದಿಲ್ಲ.

ಬರೀ ಲೆಕ್ಕಪತ್ರಕ್ಕೆ 240 ಅಥವಾ 256 ಜಿಬಿ ಸಾಕು. ಮನೆಮಂದಿಯ ಫೋಟೋವೂ ಇರಬೇಕೆಂದರೆ 480 ಅಥವಾ 500. 120 ಜಿಬಿಯದ್ದು ಅಗ್ಗಕ್ಕೆ ಸಿಕ್ಕರೂ ಬೇಡ. ವಿಂಡೋಸ್ ಹಾಕಿ ಎರಡು ವರ್ಷಕ್ಕೆ ಉಸಿರು ಕಟ್ಟುತ್ತದೆ. ಎಸ್‌ಎಸ್‌ಡಿಗೆ ಓಡಾಡಲು ಜಾಗ ಬೇಕು, ಐದರಲ್ಲೊಂದು ಪಾಲು ಖಾಲಿ ಬಿಡುವುದು ಒಳ್ಳೆಯದು.

240 ಜಿಬಿ ತಂದು ಹಾಕಿದರೆ ಕಂಪ್ಯೂಟರ್ 223 ಎಂದು ತೋರಿಸುತ್ತದೆ. 500 ತಂದರೆ 465. ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ದೊಡ್ಡ ಸೇರು, ಚಿಕ್ಕ ಸೇರಿನ ವ್ಯತ್ಯಾಸದ ಹಾಗೆ.

ಶ್ರೀನಿವಾಸಪುರದ ಗೆಳೆಯರದು ಬೇರೆ ಥರ. ಮಾವಿನ ತೋಟದವರು. ಮರದ ಚಾಟನಿ, ರೋಗ, ಹೂ ಬಿಟ್ಟ ದಿನ ಎಲ್ಲದಕ್ಕೂ ಫೋಟೋ, ವಿಡಿಯೋ ಇಟ್ಟಿದ್ದಾರೆ. 1 ಟಿಬಿಯ ಹಾರ್ಡ್ ಡಿಸ್ಕ್ ಮುಕ್ಕಾಲು ತುಂಬಿತ್ತು, ಆದರೆ ಆರೋಗ್ಯವಾಗಿತ್ತು. ಅವರದು ದೊಡ್ಡ ಡಬ್ಬಿ, ಒಳಗೆ ಜಾಗವಿತ್ತು. 240 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಮತ್ತು ಲೆಕ್ಕ ಅದರಲ್ಲಿ, ಫೋಟೋಗಳು ಹಳೇ ಡಿಸ್ಕಿನಲ್ಲೇ ಎಂದು ಮಾಡಿದೆವು. 1 ಟಿಬಿ ಎಸ್‌ಎಸ್‌ಡಿಯ ದುಡ್ಡು ಉಳಿಯಿತು. ಆ ದುಡ್ಡಿನಲ್ಲಿ ಒಂದು ಹೊರಗಿನ ಹಾರ್ಡ್ ಡಿಸ್ಕ್ ತಂದು ಎಲ್ಲದರ ನಕಲು ತೆಗೆದರು.

ಎಷ್ಟು ವರ್ಷ ಬಾಳುತ್ತದೆ?

ಫ್ಲಾಶ್ ಚಿಪ್ಪು ಬರೆದಷ್ಟೂ ಸವೆಯುತ್ತದೆ, ಇದು ನಿಜ. ತಯಾರಕರು ಟಿಬಿಡಬ್ಲ್ಯು ಎಂದು ಒಂದು ಅಂಕಿ ಕೊಡುತ್ತಾರೆ. ಒಟ್ಟು ಎಷ್ಟು ಟಿಬಿ ಬರೆಯುವ ತನಕ ಖಾತರಿ ಎಂದರ್ಥ. ಈ ಸಣ್ಣ ಗಾತ್ರದವಕ್ಕೆ 80ರಿಂದ 150 ಟಿಬಿ ಸಾಮಾನ್ಯ. ದಿನಕ್ಕೆ 10 ಜಿಬಿ ಬರೆದರೂ ವರ್ಷಕ್ಕೆ 3.65 ಟಿಬಿ. 80 ಟಿಬಿ ತಲುಪಲು ಇಪ್ಪತ್ತು ವರ್ಷ ದಾಟಬೇಕು. ನಮ್ಮ ಬಳಕೆ ಅಷ್ಟೂ ಇಲ್ಲ. ಹಾಗಾಗಿ ಸವೆತದ ಭಯ ಬೇಡ. ಎಸ್‌ಎಸ್‌ಡಿ ಸಾಯುವುದು ಹೆಚ್ಚಾಗಿ ಬೇರೆ ಕಾರಣಕ್ಕೆ: ನಿಯಂತ್ರಿಸುವ ಚಿಪ್ಪು ಕೆಡುವುದು, ಕರೆಂಟಿನ ಏರಿಳಿತ, ಕಳಪೆ ಮಾಲು.

ಕೊಳ್ಳುವಾಗ

ಬೆಲೆ ಬರೆದರೆ ಪತ್ರಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಬದಲಾಗಿರುತ್ತದೆ. ಮೆಮೊರಿ ಚಿಪ್ಪಿನ ಮಾರುಕಟ್ಟೆಯೂ ನಮ್ಮ ಟೊಮೇಟೊ ಮಂಡಿಯ ಹಾಗೆ ಏರುತ್ತದೆ, ಇಳಿಯುತ್ತದೆ. ಒಂದೇ ದಿನ ಮೂರು ಕಡೆ ವಿಚಾರಿಸಿ. 480ರ ಬೆಲೆ 240ರ ದುಪ್ಪಟ್ಟು ಆಗಿರುವುದಿಲ್ಲ, ಅದನ್ನೂ ಕೇಳಿ ನೋಡಿ.

ಹೆಸರು ಕೇಳದ ಕಂಪನಿಯದ್ದು ಬೇಡ. ಮೂರು ಅಥವಾ ಐದು ವರ್ಷದ ವಾರಂಟಿ ಇರಬೇಕು. ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿ. ಆ ಬಿಲ್ಲಿನ ಫೋಟೋ ತೆಗೆದಿಡಿ, ಅದರ ಶಾಯಿ ವರ್ಷದೊಳಗೆ ಮಾಸುತ್ತದೆ. ವಾರಂಟಿಯಲ್ಲಿ ಕೊಡುವುದು ಹೊಸ ಡ್ರೈವ್ ಮಾತ್ರ, ಒಳಗಿದ್ದ ಲೆಕ್ಕ ಯಾರೂ ಕೊಡುವುದಿಲ್ಲ.

ಇನ್ನು ಮೋಸದ ಮಾಲು. ಮಾಲೂರಿನ ಗೆಳೆಯರು ನಕಲು ಇಡಲೆಂದು 2 ಟಿಬಿ ಎಂದು ಬರೆದಿದ್ದ ಹೊರಗಿನ ಎಸ್‌ಎಸ್‌ಡಿಯನ್ನು ತೀರಾ ಅಗ್ಗಕ್ಕೆ ತರಿಸಿದ್ದರು. ಕಂಪ್ಯೂಟರಿಗೆ ಹಾಕಿದರೆ 2 ಟಿಬಿ ಎಂದೇ ತೋರಿಸಿತು. ಆದರೆ ಒಂದಷ್ಟು ಫೋಟೋ ತುಂಬಿದ ಮೇಲೆ ಯಾವುದೂ ತೆರೆಯಲಿಲ್ಲ. ಒಳಗಿದ್ದದ್ದು ಸಣ್ಣ ಮೆಮೊರಿ ಕಾರ್ಡಿನಷ್ಟೇ ಚಿಪ್ಪು. ಅದಕ್ಕೆ ಸುಳ್ಳು ಅಳತೆ ಹೇಳಲು ಕಲಿಸಿರುತ್ತಾರೆ. ಚೀಲದ ಬಾಯಲ್ಲಿ ಒಳ್ಳೇ ಕಾಳು, ಅಡಿಯಲ್ಲಿ ಜೊಳ್ಳು! ಹೊಸದು ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಲ್ಲಿ ಪೂರ್ತಿ ತುಂಬಿಸಿ ಓದಿಸಿದರೆ ನಿಜ ತಿಳಿಯುತ್ತದೆ. ರಾತ್ರಿ ಹಚ್ಚಿ ಮಲಗಿದರೆ ಬೆಳಗ್ಗೆ ಫಲಿತಾಂಶ ಬಂದಿರುತ್ತದೆ.

ಹಳೆಯದರಿಂದ ಹೊಸದಕ್ಕೆ

ಎರಡು ದಾರಿ. ಹಳೇ ಡಿಸ್ಕ್ ಚೆನ್ನಾಗಿದ್ದರೆ ಇದ್ದದ್ದನ್ನು ಇದ್ದ ಹಾಗೇ ಹೊಸದಕ್ಕೆ ಇಳಿಸುವುದು, ಇದನ್ನು ಕ್ಲೋನ್ ಅನ್ನುತ್ತಾರೆ. ಇಲ್ಲವೇ ಹೊಸದರಲ್ಲಿ ಹೊಸದಾಗಿ ವಿಂಡೋಸ್ ಹಾಕಿ ನಮ್ಮ ಕಡತ ಮಾತ್ರ ತರುವುದು. ಎರಡನೆಯದು ಚೊಕ್ಕ.

ಡಿಸ್ಕಿನ ಆರೋಗ್ಯ ನೋಡಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಇದೆ. ನೀಲಿ ಬಂದರೆ ಸರಿ, ಹಳದಿ ಬಂದರೆ ಎಚ್ಚರ. ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಅದನ್ನೂ ನೋಡುತ್ತಾ ಕೂರಬೇಡಿ. ಮುಖ್ಯವಾದ ಕಡತ ಮೊದಲು, ಸಿನಿಮಾ-ಹಾಡು ಕೊನೆಗೆ, ಹೀಗೆ ಪೆನ್‌ಡ್ರೈವಿಗೆ ತೆಗೆದು ಯಂತ್ರ ಆಫ್ ಮಾಡಿ. ನಾನು ಕಾದ ಹದಿನೈದು ದಿನದಲ್ಲಿ ಅರ್ಧ ಗಂಟೆ ಈ ಕೆಲಸ ಮಾಡಿದ್ದರೆ ಸಾಕಿತ್ತು.

ಕನ್ನಡದಲ್ಲಿ ಬರೆಯುವವರಿಗೆ ಒಂದು ವಿಶೇಷ ಎಚ್ಚರಿಕೆ. ಹಳೇ ನುಡಿ ಅಥವಾ ಬರಹದ ಫಾಂಟಿನಲ್ಲಿ ಬರೆದ ಕಡತಗಳನ್ನು ಹೊಸ ವಿಂಡೋಸಿನಲ್ಲಿ ತೆರೆದರೆ ಏನೇನೋ ಚಿಹ್ನೆ ಕಾಣುತ್ತದೆ. ಕಡತ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಹಳೇ ಡಿಸ್ಕ್ ಕಳಚುವ ಮೊದಲೇ ಫಾಂಟುಗಳನ್ನೂ ನಕಲು ತೆಗೆದಿಡಿ. ಟ್ಯಾಲಿ ಬಳಸುವವರು ಅದರ ಡೇಟಾ ಫೋಲ್ಡರ್ ಎಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ. ಅದು 'ಡಾಕ್ಯುಮೆಂಟ್ಸ್' ಒಳಗೆ ಇರಬೇಕೆಂದಿಲ್ಲ.

ವಿಂಡೋಸ್ 10ಕ್ಕೆ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನದಾದರೆ ಸಾಮಾನ್ಯವಾಗಿ 8ನೇ ಪೀಳಿಗೆ ಅಥವಾ ಮುಂದಿನದು ಬೇಕು. ಈಗ ಹಳೇ ಪೆಟ್ಟಿಗೆ ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಿ. ಇದ್ದ ಯಂತ್ರ ಅದಕ್ಕಿಂತ ಹಳೆಯದಾದರೆ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಬಳಸಬಹುದು, ಉಚಿತ. ನಾನು ಈಗ ಅದನ್ನೇ ಬಳಸುತ್ತಿದ್ದೇನೆ. ಲೆಕ್ಕದ ಹಾಳೆ, ಕನ್ನಡ ಎರಡೂ ಸಲೀಸು. ಟ್ಯಾಲಿಯೇ ಬೇಕೆನ್ನುವವರಿಗೆ ಮಾತ್ರ ಇದು ಹೊಂದುವುದಿಲ್ಲ.

ಬೋರ್‌ವೆಲ್ಲಿನ ಹಾಗೆ

ಕಡೆಯದಾಗಿ ಹೇಳುವ ಮಾತೇ ಮುಖ್ಯವಾದದ್ದು. ಹಳೇ ತೆರೆದ ಬಾವಿ ಬತ್ತುವಾಗ ಹೇಳಿ ಬತ್ತುತ್ತಿತ್ತು. ಮೆಟ್ಟಿಲು ಒಂದೊಂದಾಗಿ ಕಾಣುತ್ತಿದ್ದವು, ಹಗ್ಗಕ್ಕೆ ಗಂಟು ಸೇರಿಸುತ್ತಾ ಹೋಗುತ್ತಿದ್ದೆವು. ಸಾವಿರ ಅಡಿಯ ಬೋರ್‌ವೆಲ್ ಹಾಗಲ್ಲ. ರಾತ್ರಿ ನೀರು ಕೊಟ್ಟದ್ದು ಬೆಳಗ್ಗೆ ಬರೀ ಗಾಳಿ. ಹಾರ್ಡ್ ಡಿಸ್ಕ್ ತೆರೆದ ಬಾವಿ ಇದ್ದ ಹಾಗೆ. ಸದ್ದು ಮಾಡುತ್ತದೆ, ನಿಧಾನವಾಗುತ್ತದೆ, ಕೇಳುವ ಕಿವಿ ಇದ್ದರೆ ಹೇಳಿಯೇ ಸಾಯುತ್ತದೆ. ಎಷ್ಟೋ ಎಸ್‌ಎಸ್‌ಡಿ ಸದ್ದಿಲ್ಲದೆ ಒಂದು ದಿನ ಕಾಣದೇ ಹೋಗುತ್ತದೆ. ಅಷ್ಟೇ ಅಲ್ಲ. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಕಡತವನ್ನು ಕೆಲವೊಮ್ಮೆ ಮರಳಿ ತರಬಹುದಿತ್ತು. ಎಸ್‌ಎಸ್‌ಡಿ ಅಳಿಸಿದ ಜಾಗವನ್ನು ತಾನೇ ಗುಡಿಸಿ ಇಡುವುದರಿಂದ ಆ ಆಸೆಯೂ ಕಡಿಮೆ.

ಆದ್ದರಿಂದ ಎಸ್‌ಎಸ್‌ಡಿ ಕೊಳ್ಳುವ ದುಡ್ಡಿನಲ್ಲೇ ಎರಡನೇ ಪ್ರತಿಯ ದುಡ್ಡೂ ಸೇರಿರಬೇಕು. ಒಂದು ಅಂತಸ್ತು ಕಡಿಮೆ ಎಸ್‌ಎಸ್‌ಡಿ ಕೊಂಡರೂ ಪರವಾಗಿಲ್ಲ. ಬಿತ್ತನೆ ರಾಗಿಯನ್ನು ನಾವು ತಿನ್ನುವ ರಾಗಿಯ ಜತೆ ಇಡುತ್ತೇವೆಯೇ? ಕಳಚಿದ ಹಳೇ ಹಾರ್ಡ್ ಡಿಸ್ಕ್ ಇನ್ನೂ ಚೆನ್ನಾಗಿದ್ದರೆ ಯುಎಸ್‌ಬಿ ಕೇಸ್ ಒಂದನ್ನು ತಂದು ಅದರೊಳಗೆ ಹಾಕಿ. ನಕಲು ಇಡಲು ಅದೇ ಆಗುತ್ತದೆ. ನಕಲು ತೆಗೆದ ಮೇಲೆ ಕಂಪ್ಯೂಟರಿನಿಂದ ಕಳಚಿ ಬೇರೆ ಕೋಣೆಯಲ್ಲಿಡಿ. ಸಿಡಿಲು, ವೈರಸ್ಸು ಎರಡೂ ವಯರಿನಲ್ಲೇ ಬರುವುದು. ಎಸ್‌ಎಸ್‌ಡಿಯಲ್ಲಿ ನಕಲು ತೆಗೆದು ವರ್ಷಗಟ್ಟಲೆ ಬೀರುವಿನಲ್ಲಿ ಮರೆಯುವುದು ಸರಿಯಲ್ಲ. ಕರೆಂಟು ಕಾಣದ ಫ್ಲಾಶ್ ಚಿಪ್ಪಿನಲ್ಲಿ ಬರೆದದ್ದು ಕಾಲಕ್ರಮೇಣ ಮಾಸುತ್ತದೆ. ಸಾಧ್ಯವಾದರೆ ಒಂದು ಸಣ್ಣ ಯುಪಿಎಸ್ ಇರಲಿ. ಬರೆಯುತ್ತಿರುವಾಗ ಕರೆಂಟು ಹೋದರೆ ಡ್ರೈವಿಗೂ ಕೇಡು, ಲೆಕ್ಕಕ್ಕೂ ಕೇಡು. ಈ ಸಣ್ಣ ಪೆಟ್ಟಿಗೆಗಳು ಕರೆಂಟು ತಿನ್ನುವುದು ಕಡಿಮೆ, ಸಣ್ಣ ಯುಪಿಎಸ್ ಸಾಕಾಗುತ್ತದೆ.

ಸಂಕ್ಷೇಪವಾಗಿ

* ಮೊದಲು ನಕಲು, ಆಮೇಲೆ ರಿಪೇರಿ.
* ಮಾಡೆಲ್ ಸಂಖ್ಯೆ, ಸ್ಲಾಟ್, ವಯರು, ಸ್ಕ್ರೂ ನೋಡಿ ಬರೆದುಕೊಂಡು ಅಂಗಡಿಗೆ ಹೋಗಿ.
* ಗೊಂದಲವಾದರೆ 2.5 ಇಂಚಿನ ಸಾಟಾ. ಅದರ ಜಾಗ ಇರುವ ಯಂತ್ರದಲ್ಲಿ ಅದು ತಪ್ಪುವುದು ಕಡಿಮೆ.
* ಲೆಕ್ಕಕ್ಕೆ 240-256 ಜಿಬಿ, ಫೋಟೋ ಇದ್ದರೆ 480-500.
* ಉಳಿದ ದುಡ್ಡು ಎರಡನೇ ಪ್ರತಿಗೆ.

ನಾನು ಈಗ ಮತ್ತೆ ಭಾನುವಾರ ಬೆಳಗ್ಗೆ ಡ್ರಮ್ಮಿಗೆ ನೀರು ಬಿಟ್ಟು ಬರೆಯುತ್ತಿದ್ದೇನೆ. ಎಸ್‌ಎಸ್‌ಡಿಯಲ್ಲಿ ಒಂದು ಪ್ರತಿ, ಹಾಲಿನ ಬಟವಾಡೆ ಬಂದ ದಿನ ಹೊರಗಿನ ಡಿಸ್ಕಿಗೆ ಒಂದು, ಯುಗಾದಿಗೆ ಒಮ್ಮೆ ಕಾಗದದಲ್ಲಿ ಒಂದು. ಆ ಕಾಗದದ ಕಟ್ಟಿನ ಮೇಲ್ಗಡೆ ಹಳೆಯ ಆರು ಹಾಳೆ ಇವೆ. ನಡುವಿನ ಮೂರು ವರ್ಷ ಖಾಲಿ.

ನಿಮ್ಮಲ್ಲೂ ಇಂಥ ಲೆಕ್ಕ ಒಂದೇ ಕಡೆ ಇದ್ದರೆ, ಈ ಪುಟ ಮಡಚಿಟ್ಟು ಇವತ್ತೇ ಒಂದು ಪೆನ್‌ಡ್ರೈವ್ ಹುಡುಕಿ.